ಎಂಟನೆಯ ಹೆಸರು

ಕಾಪರ್ ಬೇ, ಮಿಷಿಗನ್
10 ಡಿಸೆಂಬರ್ 1905

ಅಪ್ಪನಿಗೆ ಆರ್ಚಿಯ ನಮಸ್ಕಾರ.

ಈ ಕಾಗದ ತಲುಪುವ ಮೊದಲೇ ಪತ್ರಿಕೆಯವರು ನಿಮ್ಮ ಕಿವಿಗೆ ಸುದ್ದಿ ಮುಟ್ಟಿಸಿರುತ್ತಾರೆ. ಹೌದು, ಅವರು ಬರೆದದ್ದು ನಿಜ. ಐಸ್ ಹಾಕಿ ಆಡುವುದಕ್ಕೆ ಈ ಊರಿನ ಕ್ಲಬ್ಬು ನನಗೆ ಸಂಬಳ ಕೊಡುತ್ತದೆ. ನಾನು ಅದನ್ನು ಎಲ್ಲರೆದುರಿಗೆ ಸಹಿ ಹಾಕಿ ತೆಗೆದುಕೊಳ್ಳುತ್ತೇನೆ, ಕದ್ದುಮುಚ್ಚಿ ಅಲ್ಲ.

ಇದು ತಾಮ್ರದ ಗಣಿಯ ಊರು. ಗಣಿಯಿಂದ ಮೇಲೆ ಬಂದವರು ಮುಖ ಕೂಡ ತೊಳೆಯದೆ ಆಟ ನೋಡಲು ಓಡಿ ಬರುತ್ತಾರೆ. ಗೆದ್ದರೆ ಹೆಗಲ ಮೇಲೆ ಹೊರುತ್ತಾರೆ, ಸೋತರೆ ಕಲ್ಲಿದ್ದಲಿನ ಚೂರು ಎಸೆಯುತ್ತಾರೆ. ನನ್ನ ಬಿಡಾರ ಒಬ್ಬ ಫಿನ್ನಿಷ್ ವಿಧವೆಯ ಮನೆಯಲ್ಲಿ; ಮೂರು ಹೊತ್ತೂ ಉಪ್ಪುಮೀನು. ಮೊಣಕಾಲಿಗೆ ಪೆಟ್ಟು ಬೀಳದಿರಲೆಂದು ಕಾಲುಚೀಲದೊಳಗೆ ಹಳೆಯ ಮಾಸಪತ್ರಿಕೆ ತುರುಕಿಕೊಂಡು ಆಡುತ್ತೇವೆ. ನಿಯಮವೆಲ್ಲ ನಮ್ಮೂರಿನದೇ. ಒಂದು ಕಡೆಗೆ ಏಳು ಜನ, ಬದಲಿ ಆಟಗಾರರಿಲ್ಲ. ಯಾರಾದರೂ ಪೆಟ್ಟು ತಿಂದು ಹೊರಗೆ ಹೋದರೆ ಎದುರಿನವರೂ ತಮ್ಮಲ್ಲೊಬ್ಬನನ್ನು ಹೊರಗೆ ಕೂರಿಸಬೇಕು. ಕೂಲಿಗೆ ಆಡುವವರಾದರೂ ಅಷ್ಟು ಮರ್ಯಾದೆ ನಮ್ಮಲ್ಲೂ ಇದೆ.

ನೀವು ಕಿಲ್ಬ್ರೇ ಹಾಕಿ ಕ್ಲಬ್ಬಿನ ಅಧ್ಯಕ್ಷರು, ಚರ್ಚಿನ ಸಭೆಯ ಹಿರಿಯರು. ನಿಮ್ಮ ಮುಖಕ್ಕೆ ಮಸಿ ಬಳಿದೆ ಎಂದು ಬೈಯುತ್ತೀರಿ. ಬೈಯಿರಿ. ಆದರೆ ನಮ್ಮ ಬ್ಯಾಂಕಿನ ಗುಮಾಸ್ತ ಹ್ಯೂ ಲೇಯಿಂಗ್‌ಗೆ ಕೂಡಿಸಿ ಕಳೆಯಲು ಬರುವುದಿಲ್ಲ. ಚಳಿಗಾಲದಲ್ಲಿ ಗೋಲು ಹೊಡೆಯಲು ಬರುತ್ತದೆ ಅಷ್ಟೆ. ಅದಕ್ಕೇ ನೀವು ಮ್ಯಾನೇಜರಿಗೆ ಹೇಳಿ ಅವನಿಗೆ ಆ ಕುರ್ಚಿ ಕೊಡಿಸಿದಿರಿ. ಅವನು ಶುದ್ಧ ಹವ್ಯಾಸಿ, ನಾನು ಮಾತ್ರ ಕೂಲಿ. ಇದು ಯಾವ ನ್ಯಾಯವೋ ನನಗೆ ತಿಳಿಯದು.

ತಮ್ಮ ನೀಲ್‌ಗೆ ಹೇಳಿ, ಸ್ಕೇಟು ಮಾಡುವಾಗ ಎಡಗಾಲು ಇನ್ನೂ ಎಳೆಯುತ್ತಾನೆ, ತಿದ್ದಿಕೊಳ್ಳಲಿ.

ನಿಮ್ಮ ಮಗ,
ಆರ್ಚಿ ಗಿಲ್‌ಕ್ರಿಸ್ಟ್

*

ಕಿಲ್ಬ್ರೇ, ಒಂಟಾರಿಯೊ
22 ಡಿಸೆಂಬರ್ 1905

ಆರ್ಚಿ,

ನಿನ್ನ ಕಾಗದ ತಲುಪಿತು. ಹವ್ಯಾಸಿ ಸಂಘದವರ ಕಾಗದವೂ ಅದೇ ದಿನ ಬಂತು. ನಿನ್ನ ಹೆಸರನ್ನು ಜೀವಮಾನಕ್ಕೆ ತೆಗೆದುಹಾಕಿದ್ದಾರೆ. ಅಧ್ಯಕ್ಷನಾಗಿ ಅದನ್ನು ಕ್ಲಬ್ಬಿನ ಗೋಡೆಗೆ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಅಂಟಿಸಿದೆ.

ಹ್ಯೂ ಲೇಯಿಂಗ್‌ನ ಮಾತು ಬಿಡು. ಅವನು ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಂಕಿಗೆ ಹೋಗುತ್ತಾನೆ, ಸಂಜೆ ಬರುತ್ತಾನೆ. ಅಲ್ಲಿ ಏನು ಮಾಡುತ್ತಾನೆಂಬುದು ಮ್ಯಾನೇಜರಿಗೆ ಬಿಟ್ಟದ್ದು.

ನಿಯಮ ನಿನಗೆ ಗೊತ್ತಿದೆ. ಕೂಲಿಗೆ ಆಡುವವನ ಜೊತೆ ಆಡಿದವನೂ ಕೆಟ್ಟ, ಎದುರು ಆಡಿದವನೂ ಕೆಟ್ಟ. ಈ ವರ್ಷ ನೀಲ್‌ನ ತಂಡಕ್ಕೆ ಪಂದ್ಯಾವಳಿಯ ಕಪ್ ಬರುವ ಲಕ್ಷಣವಿದೆ. ಆಮೇಲೆ ಅವನು ನನ್ನ ಕುದುರೆ ಜೀನಿನ ಅಂಗಡಿ ನೋಡಿಕೊಂಡು, ಚಳಿಗಾಲದಲ್ಲಿ ಊರಿಗಾಗಿ ಆಡಿಕೊಂಡು ಇಲ್ಲೇ ಇರುತ್ತಾನೆ. ಅವನಿಗೆ ಬೇಕಾದ್ದೂ ಅಷ್ಟೆ. ನೀನು ಮನೆಗೆ ಬರಬಹುದು, ನಿನ್ನ ತಟ್ಟೆ ಮೇಜಿನ ಮೇಲೆ ಇದ್ದೇ ಇರುತ್ತದೆ. ಸ್ಕೇಟುಗಳನ್ನು ಮಾತ್ರ ತರಬೇಡ.

ಮರ್ಡೊಕ್ ಗಿಲ್‌ಕ್ರಿಸ್ಟ್

*

ಕಿಲ್ಬ್ರೇ
14 ಜನವರಿ 1906

ಅಣ್ಣಾ,

ಈ ಕಾಗದ ಅಪ್ಪನಿಗೆ ಗೊತ್ತಿಲ್ಲ. ನಿನ್ನ ಹೆಸರು ಎತ್ತಿದರೆ ಗಂಜಿಯ ಬಟ್ಟಲು ಆಚೆ ತಳ್ಳಿ ಎದ್ದುಬಿಡುತ್ತಾರೆ. ಆದರೆ ನಿನ್ನ ಕ್ಲಬ್ಬಿನ ಸುದ್ದಿ ಬಂದ ಪತ್ರಿಕೆ ಅಂಗಡಿಯಲ್ಲಿ ತೊಗಲಿನ ಕೆಳಗೆ ಸಿಕ್ಕಿತು, ನೀಟಾಗಿ ಮಡಚಿ ಇಟ್ಟಿದ್ದರು.

ನಾವು ಇನ್ನೂ ಸೋತಿಲ್ಲ. ಊರಿನವರು ನನ್ನನ್ನು ಈಗ ‘ಆರ್ಚಿಯ ತಮ್ಮ’ ಅನ್ನುವುದನ್ನು ಬಿಟ್ಟು ‘ನೀಲ್’ ಅನ್ನುತ್ತಿದ್ದಾರೆ. ಅದಕ್ಕೊಂದು ಸಂತೋಷ. ಎಡಗಾಲು ಎಳೆಯುವುದು ಮಾತ್ರ ಹೋಗಿಲ್ಲ. ನೀನೇ ಬಂದು ತೋರಿಸಿಕೊಡಬೇಕು. ಸ್ಕೇಟು ತಾ, ಕೋಟಿನೊಳಗೆ ಬಚ್ಚಿಟ್ಟುಕೊಂಡು ತಾ. ಗಿರಣಿಯ ಕೊಳಕ್ಕೆ ಯಾವ ಸಂಘದವನು ಬರುತ್ತಾನೆ?

ನಿನ್ನ ತಮ್ಮ,
ನೀಲ್

*

ಕಾಪರ್ ಬೇ
31 ಜನವರಿ 1906

ಅಪ್ಪನಿಗೆ,

ಸುಖವಾಗಿ ತಲುಪಿದೆ. ಇಲ್ಲಿ ಐಸು ಕರಗಿ ಆಟ ನಿಂತದ್ದಕ್ಕೆ ಎರಡು ದಿನ ಮನೆಗೆ ಬರಲಾಯಿತು. ಮತ್ತೆ ಚಳಿ ಹಿಡಿದಿದೆ, ನಾಳೆ ಆಟವಿದೆ. ಆದರೆ ನನ್ನ ಮನಸ್ಸು ಇನ್ನೂ ಗಿರಣಿಯ ಕೊಳದಲ್ಲೇ ಇದೆ.

ಆ ಭಾನುವಾರ ನಾನು ನೀಲ್‌ನ ತಂಡದ ಹುಡುಗರ ಜೊತೆ ಐಸಿನ ಮೇಲೆ ಆಡುತ್ತಿದ್ದಾಗ ನೀವು ಪ್ರಾರ್ಥನೆ ಮುಗಿಸಿಕೊಂಡು ಕೈಕೋಲು ಬೀಸುತ್ತ ಕೊಳದ ದಂಡೆಗೆ ಬಂದಿರಿ. “ಭಾನುವಾರ ಅನ್ನೋ ಜ್ಞಾನಾನೂ ಬೇಡ್ವೇನ್ರೋ ನಿಮಗೆ? ಎಲ್ಲಾ ಎದ್ದು ನಡೀರಿ ಮನೆಗೆ!” ಅಂದಿರಿ. ನಾನು ಹೆದರಿಕೆ ಮುಚ್ಚಿಕೊಳ್ಳಲು, “ಆಂಗಸ್ ಸ್ಕೇಟಿನ ಪಟ್ಟಿ ಕಟ್ಕೊಳ್ತಿದಾನೆ ಅಪ್ಪಾ, ಒಂದು ನಿಮಿಷ ಅವನ ಗೋಲಲ್ಲಿ ನಿಂತ್ಕೊಳಿ” ಅಂದೆ. ಅದು ಬಾಯಿಗೆ ಬಂದ ಮಾತು. ನೀವು ನಿಂತೇಬಿಡುತ್ತೀರಿ ಎಂದು ಯಾರಿಗೆ ಗೊತ್ತಿತ್ತು?

ಹಿರಿಯರ ಕರಿಯ ಕೋಟು, ಕರಿಯ ಟೋಪಿ, ಕೈಯಲ್ಲಿ ಊರುಗೋಲು. ಹ್ಯೂ ಹೊಡೆದ ರಬ್ಬರ್ ಬಿಲ್ಲೆಯನ್ನು ಅದೇ ಕೋಲಿನಿಂದ ತಡೆದಿರಿ. ಆಮೇಲೆ ನನ್ನ ಕಡೆ ತಿರುಗಿ, “ಬಾರೋ ಕೂಲಿ, ನಿಂಗೆ ಸಂಬಳ ಯಾಕೆ ಕೊಡ್ತಾರೆ ನೋಡೇಬಿಡೋಣ!” ಅಂದಿರಿ. ಗೋಲು ಕಾಯುವ ಆಂಗಸ್ ಪಟ್ಟಿ ಕಟ್ಟಿಕೊಂಡು ಎಷ್ಟೋ ಹೊತ್ತಾಗಿತ್ತು. ಗೋಲು ವಾಪಸು ಕೇಳುವ ಧೈರ್ಯ ಅವನಿಗೆ ಬರಲಿಲ್ಲ, ಮುಂದೆ ಬಂದು ಆಡಿದ. ನಿಮ್ಮ ಟೋಪಿ ಬಿದ್ದಾಗ ನೀವು ನಕ್ಕದ್ದು ನೋಡಿ ನೀಲ್ ನನ್ನ ತೋಳು ಹಿಂಡಿದ. ಅಮ್ಮ ಹೋದ ಮೇಲೆ ನೀವು ಹಾಗೆ ನಕ್ಕದ್ದನ್ನು ನಾವಿಬ್ಬರೂ ನೋಡಿರಲಿಲ್ಲ.

ನನಗೆ ಈ ಚಳಿಗಾಲಕ್ಕೆ ಆ ನಗು ಸಾಕು.

ನಿಮ್ಮ ಆರ್ಚಿ

*

ಕಿಲ್ಬ್ರೇ
5 ಮಾರ್ಚ್ 1906

ಆರ್ಚಿ,

ನಾವು ಸೆಮಿಫೈನಲ್‌ನಲ್ಲಿ ಡನ್‌ಮೋರಿನವರನ್ನು ಸೋಲಿಸಿದ್ದು ಪತ್ರಿಕೆಯಲ್ಲಿ ಓದಿರಬಹುದು. ಸೋತವರು ಸುಮ್ಮನೆ ಕೂರಲಿಲ್ಲ. ಕಿಲ್ಬ್ರೇ ಹುಡುಗರು ವೃತ್ತಿಪರನ ಜೊತೆ ಆಡಿದ್ದಾರೆ ಎಂದು ಸಂಘಕ್ಕೆ ದೂರು ಕೊಟ್ಟರು. ಯಾರೋ ಕಂಡವರು ಹೇಳಿರಬೇಕು. ಸಂಘದ ಕಾರ್ಯದರ್ಶಿ ಸ್ವತಃ ಬಂದು ಅಧ್ಯಕ್ಷನಾದ ನನ್ನನ್ನು ಬೈಬಲ್ ಮುಟ್ಟಿಸಿ ಕೇಳಿದರು.

ಪ್ರಮಾಣ ಮಾಡಿ ಸುಳ್ಳು ಹೇಳುವ ವಂಶ ನಮ್ಮದಲ್ಲ. ನಿನ್ನ ಜೊತೆ ಆಡಿದವರ ಹೆಸರು ಬರೆದುಕೊಟ್ಟೆ. ನೀಲ್ ಸೇರಿ ಏಳು ಹುಡುಗರು. ಏಳು ಜನರನ್ನೂ ಜೀವಮಾನಕ್ಕೆ ಹೊರಗೆ ಹಾಕಿದರು. ಫೈನಲ್‌ಗೆ ಡನ್‌ಮೋರ್ ಹೋಗುತ್ತದೆ.

ಸ್ಕೇಟು ತರಬೇಡ ಎಂದು ನಾನು ಮೊದಲೇ ಬರೆದಿದ್ದೆ.

ಮರ್ಡೊಕ್ ಗಿಲ್‌ಕ್ರಿಸ್ಟ್

*

ಕಿಲ್ಬ್ರೇ
9 ಮಾರ್ಚ್ 1906

ಅಣ್ಣಾ,

ಅಪ್ಪ ನಿನಗೆ ಬರೆದಿದ್ದಾರೆ ಅಂದರು. ಏನು ಬರೆದರೋ, ಏನು ಬಿಟ್ಟರೋ. ನಾವು ಹುಡುಗರೆಲ್ಲ ಆ ಕೋಣೆಯಲ್ಲೇ ಇದ್ದೆವು, ನಡೆದದ್ದು ಹೇಳುತ್ತೇನೆ.

ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ. ಮೂಗಿನ ಮೇಲೆ ಕನ್ನಡಕ, ನೆಗಡಿ. ಪಟ್ಟಿ ಓದಿ ಅವನಿಗೇ ಬೇಜಾರಾಯಿತು. “ನೋಡಿ ಗಿಲ್‌ಕ್ರಿಸ್ಟ್ ಅವರೇ, ಇದು ತಂಡದ ಏಳೂ ಜನ. ಇದನ್ನ ಅಭ್ಯಾಸ ಅನ್ನದೆ ನಾನಿನ್ನೇನು ಅನ್ನಲಿ? ಮನೆಮಂದಿ, ಮುದುಕರು ಎಲ್ಲಾ ಸೇರಿ ತಮಾಷೆಗೆ ಆಡಿದ್ದಾದ್ರೆ ಅದು ಬೇರೆ ಮಾತು. ಅಂಥದ್ದನ್ನ ನಾವು ಕಂಡೂ ಕಾಣದ ಹಾಗೆ ಬಿಡ್ತೀವಿ. ಬೇರೆ ಯಾರಾದ್ರೂ ಇದ್ರಾ ಅಲ್ಲಿ?” ಅಂತ ಕೇಳಿದ. ಬಾಗಿಲು ತೆರೆದು ಹಿಡಿದ ಹಾಗೇ ಇತ್ತು.

ಅಪ್ಪ ಮೊಣಕಾಲ ಮೇಲಿನ ಟೋಪಿ ನೋಡುತ್ತ ಕೂತರು. ಆಂಗಸ್ ನನ್ನ ಮುಖ ನೋಡಿದ, ಹ್ಯೂ ಆಂಗಸ್‌ನ ಮುಖ ನೋಡಿದ. ಅಪ್ಪನ ಎದುರಿಗೆ ನಾವು ಹೇಗೆ ಹೇಳುವುದು? ಕೊನೆಗೆ ಅಪ್ಪ, “ಬರೆದಿರೋ ಹೆಸರು ಬರೆದಿದೀನಿ” ಅಂದರು. ಅಷ್ಟೆ.

ಹ್ಯೂನನ್ನು ಬ್ಯಾಂಕಿನವರು ತೆಗೆದುಹಾಕಿದರು. ಆಡದಿದ್ದ ಮೇಲೆ ಅವನಿಂದ ಅವರಿಗೇನು ಕೆಲಸ? ಅವನ ಅಮ್ಮ ನಿನ್ನೆ ಅಂಗಡಿ ಮುಂದೆ ನಿಂತು, “ನಿಮ್ಮ ಕೂಲಿ ಮಗ ಬಂದು ನಮ್ಮ ಮನೆ ತೊಳೆದು ಹೋದ” ಅಂದಳು. ಅಪ್ಪ ದಬ್ಬಳ ಕೆಳಗೆ ಇಡದೆ ಹೊಲಿಯುತ್ತಲೇ ಇದ್ದರು.

ಚರ್ಚಿನ ಹಿರಿಯರ ಚುನಾವಣೆ ಬರುವ ತಿಂಗಳು. ಭಾನುವಾರ, ಸಬ್ಬತ್ ದಿನ, ಕೊಳದ ಮೇಲೆ ಆಡಿದವರಿಗೆ ಸಭೆಯಲ್ಲಿ ಆ ಕುರ್ಚಿ ಇಲ್ಲ ಅನ್ನುವುದು ನಿನಗೂ ಗೊತ್ತು. ಕಾರ್ಯದರ್ಶಿ ಯಾವ ವಾರ ಅಂತ ಕೇಳಲಿಲ್ಲ, ಅಪ್ಪ ಹೇಳಲೂ ಇಲ್ಲ.

ನೀಲ್

*

ಕಾಪರ್ ಬೇ
15 ಮಾರ್ಚ್ 1906

ಅಪ್ಪನಿಗೆ,

ನೀವು ಏಳು ಹೆಸರು ಬರೆದಿರಿ. ನನ್ನ ಜೊತೆ ಆಡಿದವರು ಎಂಟು ಜನ. ಎಂಟನೆಯವರು ಕರಿಯ ಕೋಟು ಹಾಕಿಕೊಂಡು ಗೋಲಿನಲ್ಲಿ ನಿಂತಿದ್ದರು, ಟೋಪಿ ಬಿದ್ದರೂ ಆಟ ಬಿಡಲಿಲ್ಲ. ಅವರ ಹೆಸರು ನಿಮಗೆ ನೆನಪಾಗಲಿಲ್ಲವೇ? ಸುಳ್ಳು ಹೇಳುವ ವಂಶ ನಮ್ಮದಲ್ಲ ಎಂದು ಬರೆದಿದ್ದೀರಿ. ಸರಿ, ಸುಳ್ಳು ಹೇಳಲಿಲ್ಲ. ನಿಜವನ್ನು ನಿಮ್ಮ ಅಳತೆಗೆ ಕತ್ತರಿಸಿ ಹೊಲಿದಿರಿ.

ನನ್ನ ಮೇಲೆ ನಿಮಗೆ ಸಿಟ್ಟಿದ್ದರೆ ಇರಲಿ. ನಾನು ಕಣ್ಣು ಬಿಟ್ಟುಕೊಂಡೇ ಈ ದಾರಿಗೆ ಬಂದವನು. ನೀಲ್ ಏನು ಕೇಳಿದ? ಕಿಲ್ಬ್ರೇಯ ಅಂಗಿ ಹಾಕಿಕೊಂಡು ಚಳಿಗಾಲಕ್ಕೆ ಹತ್ತು ಆಟ, ಉಳಿದ ಕಾಲಕ್ಕೆ ನಿಮ್ಮ ಅಂಗಡಿಯ ಮೂಲೆ. ಅದನ್ನೂ ಕಿತ್ತುಕೊಂಡಿರಿ. ನಿಮ್ಮದೊಂದು ಹೆಸರು ಸೇರಿಸಿದ್ದರೆ ಅದು ಅಪ್ಪ ಮಕ್ಕಳ ತಮಾಷೆಯಾಗುತ್ತಿತ್ತು. ಅದನ್ನು ಆ ಕಾರ್ಯದರ್ಶಿಯೇ ಬಾಯಿಬಿಟ್ಟು ಹೇಳಿದ.

ನಾನೇ ಸಂಘಕ್ಕೆ ಬರೆಯಬಹುದು. ಕೂಲಿಯ ಮಾತನ್ನು ಯಾರು ನಂಬುತ್ತಾರೆ? ನಂಬುವುದಿದ್ದರೆ ನಿಮ್ಮ ಮಾತನ್ನೇ. ಇನ್ನೂ ಹೊತ್ತು ಮೀರಿಲ್ಲ, ಎಂಟನೆಯ ಹೆಸರು ಬರೆದು ಕಳಿಸಿ. ನಾನು ನಿಮ್ಮನ್ನು ಬೇರೇನೂ ಕೇಳುವುದಿಲ್ಲ.

ಆರ್ಚಿ

*

ಕಿಲ್ಬ್ರೇ
20 ಏಪ್ರಿಲ್ 1906

ಆರ್ಚಿ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಹಿಮ ಕರಗಿ ರಸ್ತೆಯೆಲ್ಲ ಕೆಸರು. ಕುದುರೆಗಳ ಸರಂಜಾಮು ಹರಿದು ಬರುತ್ತಿದೆ, ಕೈತುಂಬ ಕೆಲಸ. ನಿನ್ನ ಅಮ್ಮನ ಸಮಾಧಿಯ ಕಲ್ಲು ಚಳಿಗೆ ವಾಲಿತ್ತು, ನಿಲ್ಲಿಸಿದೆ.

ಸಭೆಯವರು ನನ್ನನ್ನು ಮತ್ತೆ ಹಿರಿಯನನ್ನಾಗಿ ಆರಿಸಿದ್ದಾರೆ.

ನೀಲ್ ಅಂಗಡಿಗೆ ಸರಿಯಾಗಿ ಬರುತ್ತಿಲ್ಲ. ಬಂದವರೆಲ್ಲ ಚುಚ್ಚುತ್ತಾರೆ, ಅವನಿಗೆ ಸಹಿಸಲು ಆಗುತ್ತಿಲ್ಲ. ಚಳಿಗಾಲಕ್ಕೆ ನಿನ್ನ ಕಡೆ ಬಂದು ತಾನೂ ಕೂಲಿಗೆ ಆಡುತ್ತೇನೆ ಎನ್ನುತ್ತಾನೆ. ಬೇರೆ ಎಲ್ಲೂ ಆಡುವ ಹಾಗಿಲ್ಲವಲ್ಲ. ನೀನು ಬೇಡ ಎಂದು ಹೇಳಿದರೆ ಕೇಳುತ್ತಾನೆ.

ಮರ್ಡೊಕ್ ಗಿಲ್‌ಕ್ರಿಸ್ಟ್

*

ರೆಡ್ ಪಾಯಿಂಟ್, ಮಿಷಿಗನ್
16 ಡಿಸೆಂಬರ್ 1906

ಅಪ್ಪನಿಗೆ ನೀಲ್‌ನ ನಮಸ್ಕಾರ.

ಕಾಪರ್ ಬೇ ತಂಡದಲ್ಲಿ ಜಾಗವಿರಲಿಲ್ಲ, ಅಣ್ಣ ಹೇಳಿ ಪಕ್ಕದೂರಿನ ತಂಡಕ್ಕೆ ಸೇರಿಸಿದ. ಮೊದಲು ಬೇಡವೆಂದೇ ಬೈದ. ಬೈದು ಬೈದು ಸೋತ. ಈಗ ನಾವಿಬ್ಬರೂ ಎದುರಾಳಿಗಳು. ಮೊದಲ ಆಟದಲ್ಲೇ ನನ್ನನ್ನು ಗೋಡೆಗೆ ಒತ್ತಿ, “ಎಡಗಾಲು ಎತ್ತೋ ಕತ್ತೆ!” ಎಂದು ಕಿವಿಯಲ್ಲಿ ಹೇಳಿ ಹೋದ. ಜನ ಅವನು ನನಗೆ ಬೈಯುತ್ತಿದ್ದಾನೆಂದು ಚಪ್ಪಾಳೆ ತಟ್ಟಿದರು.

ಇಲ್ಲಿ ಆಟ ಒರಟು. ಎಲ್ಲರಿಗೂ ಹೊಟ್ಟೆಪಾಡು, ಅದಕ್ಕೇ ಕೋಲು ಮೇಲೆಯೇ ಇರುತ್ತದೆ. ನಾನು ಹುಷಾರಾಗಿದ್ದೇನೆ. ಕಿಲ್ಬ್ರೇಯ ಕೆಂಪು ಅಂಗಿಯನ್ನು ತಂದಿದ್ದೇನೆ, ಚಳಿಗೆ ಒಳಗೆ ಹಾಕಿಕೊಳ್ಳುತ್ತೇನೆ.

ನಿಮ್ಮ ನೀಲ್

*

ಕಾಪರ್ ಬೇ
18 ಫೆಬ್ರವರಿ 1907

ಅಪ್ಪನಿಗೆ,

ನೀಲ್ ಬದುಕಿದ್ದಾನೆ. ಅದನ್ನು ಮೊದಲು ಓದಿಕೊಳ್ಳಿ.

ಶನಿವಾರ ನಮ್ಮ ತಂಡಕ್ಕೂ ಅವರ ತಂಡಕ್ಕೂ ಆಟವಿತ್ತು. ಬಿಲ್ಲೆಗಾಗಿ ನಾಲ್ಕು ಜನ ನುಗ್ಗಿದರು. ನಮ್ಮವನೊಬ್ಬನ ಕೋಲು ಮೇಲೆದ್ದು ನೀಲ್‌ನ ಬಲಗಣ್ಣಿಗೆ ಹೊಡೆಯಿತು. ಬೇಕೆಂದು ಹೊಡೆದದ್ದಲ್ಲ, ಆ ಹುಡುಗ ಐಸಿನ ಮೇಲೆ ಕೂತು ಅತ್ತುಬಿಟ್ಟ. ಕಣ್ಣು ಹೋಯಿತು. ವೈದ್ಯರು ಅದನ್ನು ತೆಗೆದುಹಾಕಿದ್ದಾರೆ.

ನೀಲ್‌ನನ್ನು ಎತ್ತಿಕೊಂಡು ಹೋದರು. ಅವರಲ್ಲಿ ಆರು ಜನ ಉಳಿದರು. ನಿಯಮದ ಪ್ರಕಾರ ನಮ್ಮಲ್ಲೊಬ್ಬ ಹೊರಗೆ ಹೋಗಬೇಕು. ಕ್ಯಾಪ್ಟನ್, “ಯಾರು ಕೂರ್ತೀರಿ?” ಎಂದು ಕೇಳಿದ. ನಾನು ಕೈ ಎತ್ತಿದೆ. “ನೀನು ಬೇಡ ಆರ್ಚಿ, ಗೋಲು ಹೊಡೆಯೋನು ನೀನೊಬ್ಬನೇ, ಮಾಲೀಕರು ನನ್ನ ಚರ್ಮ ಸುಲೀತಾರೆ” ಅಂದ. “ಅಲ್ಲಿ ಮಲಗಿರೋನು ನನ್ನ ತಮ್ಮ ಕಣೋ” ಎಂದು ಕೋಲು ಅವನ ಕಾಲಡಿ ಎಸೆದು ಸ್ಕೇಟಿನಲ್ಲೇ ಬೀದಿಗೆ ಓಡಿದೆ. ನಾವು ಆ ಆಟ ಸೋತೆವು. ಕ್ಲಬ್ಬಿನವರು ನನ್ನನ್ನು ತೆಗೆದುಹಾಕಿದ್ದಾರೆ. ಈ ಊರುಗಳಲ್ಲಿ ನನ್ನನ್ನು ಇನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಇಲ್ಲಿಗೆ ನನ್ನ ಆಟ ಮುಗಿಯಿತು, ಅದಕ್ಕೆ ನನಗೆ ಅಳು ಬರುತ್ತಿಲ್ಲ.

ಆಸ್ಪತ್ರೆಯಲ್ಲಿ ಅಂಗಿ ಕತ್ತರಿಸುವಾಗ ಒಳಗೆ ಕಿಲ್ಬ್ರೇಯ ಕೆಂಪು ಅಂಗಿ ಇತ್ತು. ಅದನ್ನು ಕತ್ತರಿಸಬೇಡಿ ಎಂದು ನೀಲ್ ಗೋಗರೆದ. ಎಚ್ಚರವಿರುವಾಗಲೂ ಇಲ್ಲದಾಗಲೂ ಅದೊಂದೇ ಮಾತು.

ನಿಮ್ಮನ್ನು ಬೈಯಬೇಕೆಂದು ಕಾಗದ ತೆಗೆದೆ. ಕೈ ಏಳಲಿಲ್ಲ. ಹಿರಿಯರ ಕುರ್ಚಿಯಲ್ಲಿ ಕೂತಾಗ ಇದನ್ನೊಮ್ಮೆ ನೆನೆಸಿಕೊಳ್ಳಿ.

ಆರ್ಚಿ

*

ಕಿಲ್ಬ್ರೇ
11 ಮಾರ್ಚ್ 1907

ಆರ್ಚಿ, ನೀಲ್,

ನಿಮ್ಮ ಕಾಗದ ಬಂದ ರಾತ್ರಿ ನಾನು ಕೂತಲ್ಲೇ ಕೂತಿದ್ದೆ. ಬೆಳಗಾದ ಮೇಲೆ ಅಂಗಡಿಗೆ ಬೀಗ ಹಾಕಿ ಟೊರಾಂಟೊ ರೈಲು ಹತ್ತಿದೆ. ಸಂಘದ ಕಾರ್ಯದರ್ಶಿಯ ಮುಂದೆ ನಿಂತು ಹೇಳಿದೆ. ಕೊಳದ ಮೇಲೆ ಎಂಟು ಜನರಿದ್ದರು, ಎಂಟನೆಯವನು ನಾನು, ಅದು ಭಾನುವಾರ, ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ನನ್ನನ್ನೂ ಜೀವಮಾನಕ್ಕೆ ಹೊರಗೆ ಹಾಕಿ ಎಂದೆ.

ಅವನು ನಕ್ಕುಬಿಟ್ಟ. “ಊರುಗೋಲು ಹಿಡ್ಕೊಂಡು ಗೋಲಲ್ಲಿ ನಿಂತ್ರಾ? ಅಯ್ಯೋ ಗಿಲ್‌ಕ್ರಿಸ್ಟ್ ಅವರೇ, ಇದನ್ನ ಆವತ್ತೇ ಹೇಳಬಾರದಿತ್ತಾ! ಆವತ್ತೇ ದೂರು ಕೈಬಿಟ್ಟು ಎದ್ದು ಹೋಗ್ತಿದ್ದೆ ನಾನು” ಅಂದ. ನನ್ನ ಎದುರಿಗೇ ಆ ಹಳೆಯ ಕಾಗದ ಹರಿದ. ಏಳು ಹುಡುಗರ ಮೇಲಿನ ನಿಷೇಧ ತೆಗೆದುಹಾಕಿದ್ದಾರೆ. ಎಲ್ಲೇ ಆಗಲಿ ಕೂಲಿಗೆ ಆಡಿದವನಿಗೆ ಸಂಘದಲ್ಲಿ ಕ್ಷಮೆಯಿಲ್ಲ. ಆದರೂ ನೀಲ್‌ನನ್ನು ಆ ದಾರಿಗೆ ತಳ್ಳಿದ್ದು ಸಂಘದ ತಪ್ಪು ತೀರ್ಪೇ ಎಂದು ಒಪ್ಪಿ ಅವನ ಹೆಸರನ್ನೂ ಸೇರಿಸಿಕೊಂಡರು. ನೀಲ್ ಇನ್ನು ಕಿಲ್ಬ್ರೇಗಾಗಿ ಆಡಬಹುದು ಎಂದು ಬರೆದುಕೊಟ್ಟಿದ್ದಾರೆ. ಅದು ಇದರ ಜೊತೆಯಲ್ಲಿದೆ.

ಊರಿಗೆ ಬಂದು ಪಾದ್ರಿಗಳ ಮನೆಗೆ ಹೋದೆ, ಹಿರಿಯನ ಸ್ಥಾನಕ್ಕೆ ನಾನು ಯೋಗ್ಯನಲ್ಲ ಎಂದೆ. “ಕೂತ್ಕೊಳಿ ಮರ್ಡೊಕ್” ಅಂದರು. “ಆ ಭಾನುವಾರ ನಮ್ಮನೆ ಕಿಟಕಿಯಿಂದ ನಾನೇ ನೋಡ್ದೆ. ನಮ್ಮಾಕೇನೂ ಕರೆದು ತೋರಿಸ್ದೆ, ಪಾಪ, ಮುದುಕ ಮಕ್ಕಳ ಜೊತೆ ನಗ್ತಿದಾನೆ ಅಂತ. ನೀವಾಗಿ ಹೇಳ್ತೀರೇನೋ ಅಂತ ಕಾದೆ, ನೀವು ಹೇಳಲಿಲ್ಲ.” ಆಮೇಲೆ ಪ್ರಾರ್ಥನಾ ಮಂದಿರದ ಒಲೆಗೆ ಸೌದೆ ಸಾಲದೆಂಬ ಮಾತಿಗೆ ಹೊರಳಿದರು. ನನ್ನ ಸ್ಥಾನ ಹಾಗೆಯೇ ಇದೆ.

ನಾನು ಯಾವುದಕ್ಕೆ ಹೆದರಿದ್ದೆನೋ ಅದು ಎಲ್ಲೂ ಇರಲಿಲ್ಲ. ನನಗೇನೂ ಆಗುತ್ತಿರಲಿಲ್ಲ, ಅಂದೂ ಆಗುತ್ತಿರಲಿಲ್ಲ. ನನ್ನಿಂದ ಒಂದು ಹೆಸರು ಬರೆಯಲಾಗಲಿಲ್ಲ, ಅದಕ್ಕೆ ನನ್ನ ಮಗನ ಕಣ್ಣು ಹೋಯಿತು.

ನೀಲ್, ಮನೆಗೆ ಬಾ. ನಾನು ನಿಲ್ದಾಣಕ್ಕೆ ಬರುತ್ತೇನೆ.

ನಿಮ್ಮ ಅಪ್ಪ

*

ಕಾಪರ್ ಬೇ
24 ಮಾರ್ಚ್ 1907

ಅಪ್ಪನಿಗೆ,

ಅಣ್ಣ ಬರೆದುಕೊಡುತ್ತೇನೆ ಅಂದ, ಬೇಡವೆಂದೆ. ಸಾಲು ಸೊಟ್ಟಗಿದ್ದರೆ ಓದಿಕೊಳ್ಳಿ.

ಸಂಘದ ಅನುಮತಿ ಪತ್ರ ಸಿಕ್ಕಿತು. ಕಿಲ್ಬ್ರೇಗಾಗಿ ಆಡಬಹುದು ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ. ಓದಿ ನಾನೂ ಅಣ್ಣನೂ ನಕ್ಕೆವು. ನಕ್ಕು ಮುಗಿದ ಮೇಲೆ ಅವನು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಇನ್ನು ಬಿಲ್ಲೆ ಯಾವ ಕಡೆಯಿಂದ ಬರುತ್ತದೆಂದೇ ನನಗೆ ತಿಳಿಯುವುದಿಲ್ಲ. ಮೊನ್ನೆ ನೀರು ಬಗ್ಗಿಸಿಕೊಳ್ಳಲು ಹೋಗಿ ಲೋಟದ ಆಚೆ ಸುರಿದೆ.

ಅಣ್ಣ ಬರುವುದಿಲ್ಲ. ಉತ್ತರದ ಬೆಳ್ಳಿ ಗಣಿಯಲ್ಲಿ ಕೆಲಸ ಸಿಕ್ಕಿದೆ ಅನ್ನುತ್ತಾನೆ, ಆಡುವ ಕೆಲಸವಲ್ಲ, ಅಗೆಯುವ ಕೆಲಸ. ಸ್ಕೇಟುಗಳನ್ನು ಫಿನ್ನಿಷ್ ಅಮ್ಮನ ಮನೆಯಲ್ಲೇ ಬಿಟ್ಟ. ನಿಮಗೆ ಹೇಳಲು ಅವನ ಬಳಿ ಏನೂ ಇಲ್ಲವಂತೆ.

ನಾನು ಗುರುವಾರದ ರೈಲಿಗೆ ಬರುತ್ತೇನೆ. ನನಗೆ ಹೋಗಲು ಬೇರೆ ಜಾಗವಿಲ್ಲ. ಕ್ಲಬ್ಬಿನವರನ್ನು ಕರೆತರಬೇಡಿ, ಹ್ಯೂ ಆಂಗಸ್ ಯಾರೂ ಬೇಡ. ನೀವೊಬ್ಬರೇ ಬನ್ನಿ. ಬಂದರೆ ಒಂದು ವಿಷಯ ನೆನಪಿರಲಿ. ನನಗೆ ಎಡಗಡೆ ಮಾತ್ರ ಕಾಣುತ್ತದೆ. ಬಲಗಡೆ ನಿಂತರೆ ನೀವು ಅಲ್ಲಿದ್ದೀರೆಂದು ನನಗೆ ತಿಳಿಯುವುದೇ ಇಲ್ಲ, ಪಕ್ಕದಲ್ಲೇ ಹಾದು ಹೋಗಿಬಿಡುತ್ತೇನೆ. ಎಲ್ಲಿ ನಿಲ್ಲಬೇಕೆಂದು ಈ ಸಲ ನೀವೇ ನೋಡಿಕೊಳ್ಳಿ.

ನೀಲ್